ಬಾಡಿಗೆಯ ಕೋಳಿಗಳು

ಹಲ್ಲುಜ್ಜುವಾಗಲೂ ಅವಳು ಆ ಒಂದು ವಾಕ್ಯವನ್ನೇ ಬಾಯೊಳಗೆ ಹೊರಳಿಸುತ್ತಿದ್ದಳು. ಈ ಕೋಳಿಗಳು ನನ್ನವಲ್ಲ. ಇಷ್ಟೇ. ಇದಕ್ಕೆ ಒಂದಕ್ಷರ ಸೇರಿಸಿದರೂ ಕೆಟ್ಟಿತು. ಸಿಟ್ಟಿನಲ್ಲಿ ಹೇಳಿದರೆ ಜಗಳಗಂಟಿ ಅನ್ನುತ್ತಾರೆ, ಅಳುತ್ತಾ ಹೇಳಿದರೆ ಏನೋ ಬೇಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಸೀಟಿನ ಕೆಳಗಿನ ಚೀಲ ತೋರಿಸಿ ನಿಮ್ಮದಾ ಎಂದರೆ ಅಲ್ಲ ಅನ್ನುತ್ತೇವಲ್ಲ, ಅಷ್ಟು ಸಲೀಸಾಗಿ ಬರಬೇಕು. ಅಂದಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಉಳಿದ ಕೆಲಸವನ್ನು ಅವರ ಮುಖಗಳೇ ಮಾಡುತ್ತವೆ. ಆ ಮುಖಗಳನ್ನು ನೋಡುವ ಆಸೆಗೇ ಅವಳು ಈ ವಾರವೆಲ್ಲ ಹೊತ್ತಿಗೆ ಸರಿಯಾಗಿ ಉಂಡು, ಗಡದ್ದಾಗಿ ನಿದ್ದೆ ಮಾಡಿದ್ದಳು. ದ್ವೇಷ ಆರೋಗ್ಯಕ್ಕೆ ಇಷ್ಟು ಒಳ್ಳೆಯದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ನೊರೆ ಉಗುಳಿ ಕನ್ನಡಿ ನೋಡಿಕೊಂಡರೆ ಅದೇ ಮುಖ. ಇದನ್ನು ತನ್ನದು ಅನ್ನುವುದಕ್ಕೆ ಈಚೆಗೆ ನಾಲಿಗೆ ಹಿಂಜರಿಯುತ್ತಿತ್ತು. ಪೇಟೆ ನಡುವಿನ ದೊಡ್ಡ ಹೋಟೆಲಿನಲ್ಲಿ, ಅದೇ ಹೆಸರಿನ ಎಷ್ಟೋ ಊರುಗಳ ಹೋಟೆಲುಗಳಲ್ಲಿ, ಬೆಳಗಿನ ತಿಂಡಿಯ ಪ್ರತಿ ಮೇಜಿನ ಮೇಲೂ ಒಂದು ಮಡಚಿದ ಕಾರ್ಡು ನಿಂತಿರುತ್ತದೆ. ಅದರಲ್ಲಿ ಅವಳು ಒಂದು ಕಂದು ಕೋಳಿಯನ್ನು ಎದೆಗವಚಿಕೊಂಡು, ಪಕ್ಕದ ಓರೆಹಲ್ಲು ಕಾಣುವಂತೆ ನಗುತ್ತಿದ್ದಾಳೆ. ನಮ್ಮ ಅಡುಗೆಮನೆಗೆ ಬರುವ ಪ್ರತಿಯೊಂದು ಮೊಟ್ಟೆಯೂ ಪಂಜರ ಕಾಣದ ಕೋಳಿಯದು ಎಂದು ಕೆಳಗೆ ಬರೆದಿದೆ. ಕಾರ್ಡು ಅಚ್ಚಾದ ವರ್ಷ ಅವರು ನಿಜವಾಗಿಯೂ ಅವಳಿಂದ ಕೊಂಡರು. ಆಮೇಲೆ ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು, ಕೊನೆಗೆ ಫೋನು ಎತ್ತುವವರೇ ಇಲ್ಲವಾದರು. ಪಂಜರದ ಮೊಟ್ಟೆ ಅಗ್ಗ. ಕೋಳಿಗಳು ಹೋದವು, ಕಾರ್ಡು ಉಳಿಯಿತು. ಒಮ್ಮೆ ಹಲ್ಲಿನ ಡಾಕ್ಟರು ಅವಳ ಬಾಯಲ್ಲಿ ಕನ್ನಡಿಯನ್ನೂ ಸೂಜಿಯನ್ನೂ ಇಟ್ಟುಕೊಂಡು, “ನಿಮ್ಮನ್ನ ಎಲ್ಲೋ ನೋಡಿದೀನಲ್ಲ! ಹಾಂ, ಈ ಹಲ್ಲು! ಹೋಟೆಲಲ್ಲಿ! ನನ್ನ ಹೆಂಡ್ತಿ ಎರಡು ಆಮ್ಲೆಟ್ ತಿಂದ್ಲು, ನಿಮ್ಮನ್ನ ನೋಡಿ” ಅಂದಿದ್ದರು. ಬಾಯಿ ತೆರೆದುಕೊಂಡೇ ಮಲಗಿದ್ದ ಅವಳು ಏನು ಹೇಳಬಹುದಿತ್ತು? ಗಂಟಲಲ್ಲೇ ‘ಆ’ ಅಂದಳು. ಡಾಕ್ಟರು ಅದನ್ನು ಹೌದು ಎಂದು ತಿಳಿದುಕೊಂಡು ಬಹಳ ಮೃದುವಾಗಿ ಆ ಹಲ್ಲನ್ನೇ ಕಿತ್ತರು. ಆ ಮೃದುತನವನ್ನೂ ಅವಳು ಮರೆತಿಲ್ಲ. ತನಗೆ ಸಲ್ಲದ ಮರ್ಯಾದೆ ಹಾಗೆ ನೋಯಿಸುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಲಾರಿ ಹಿಂದಕ್ಕೆ ಬರುವ ಸದ್ದು. “ಬರ್ಲಿ, ಬರ್ಲಿ, ಬಲಕ್ಕೆ ಹೊಡೀ” ಅನ್ನುತ್ತಿದ್ದಾನೆ ಮೈದುನ. ತೀರಿಹೋದ ಗಂಡನ ಧ್ವನಿಯೇ ಅದು, ಸ್ವಲ್ಪ ತೆಳು. ಅವನು ಆ ಹೋಟೆಲಿನ ಖರೀದಿ ನೋಡಿಕೊಳ್ಳುವವನು. ಅವಳಿಂದ ಕೊಳ್ಳಲು ಶುರುಮಾಡಿದವನೂ ಅವನೇ, ನಿಲ್ಲಿಸಿದವನೂ ಅವನೇ. ಹೋದ ವಾರ ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಬಂದು, ಕುರ್ಚಿಯ ಅಂಚಿನಲ್ಲಿ ಕೂತಿದ್ದ.

“ಅತ್ತಿಗೆ, ಒಂದೇ ಒಂದು ದಿನ. ಹೋಟೆಲುಗಳು ಕೊಟ್ಟ ಮಾತು ನಡೆಸ್ತಾ ಇವೆಯಾ ಅಂತ ಬೆನ್ನು ಹತ್ತಿ ಕೇಳೋ ಸಂಘ ಒಂದಿದೆ. ಅವರು ಕಾರ್ಡಲ್ಲಿರೋ ಹೆಂಗಸನ್ನೇ ತೋರಿಸಿ ಅಂತ ಪಟ್ಟು ಹಿಡಿದಿದಾರೆ.”

“ತೋರ್ಸು. ಇಲ್ಲೇ ಇದೀನಲ್ಲ.”

“ಕೋಳಿಗಳ ಜೊತೆ.”

“ಕೋಳಿ ಎಲ್ಲಿಂದ ತರ್ತೀಯ, ಸಂತೇಲಿ ಬಾಡಿಗೆಗೆ ಸಿಗತ್ತಾ?”

ಅವನು ನಗಲಿಲ್ಲ. ಕಿತ್ತಳೆಯೊಂದನ್ನು ಕೈಯಲ್ಲಿ ತಿರುಗಿಸುತ್ತಾ, “ಸಿಗತ್ತೆ” ಅಂದ. “ನಮಗೆ ಮೊಟ್ಟೆ ಕೊಡ್ತಾರಲ್ಲ, ಅವರ ಹತ್ರ. ಬೆಳಿಗ್ಗೆ ತಂದು ಬಿಡ್ತೀವಿ, ಸಂಜೆ ತುಂಬ್ಕೊಂಡು ಹೋಗ್ತೀವಿ. ಇದಾಗ್ಲಿಲ್ಲ ಅಂದ್ರೆ ಸಾಹೇಬ್ರು ನನ್ನನ್ನೇ ಹಿಡ್ಕೊಳ್ಳೋದು, ಅತ್ತಿಗೆ.”

ಆಗಲೇ ಆ ವಾಕ್ಯ ಅವಳೊಳಗೆ ಇಡಿಯಾಗಿ ಹುಟ್ಟಿತ್ತು. ಆಗಲಿ ಅಂದಳು. ಅವನ ಕಣ್ಣಲ್ಲಿ ನೀರಾಡಿತು. ಎದ್ದು ಅವಳ ಅಡುಗೆಮನೆಯ ಸೋರುವ ನಲ್ಲಿಯನ್ನು ಬಿಗಿ ಮಾಡಿ ಹೋದ. ಅವನು ಹೋದಮೇಲೆ ಒಂದು ಕಿತ್ತಳೆ ಸುಲಿದು ತಿಂದಳು. ಸಿಹಿಯಾಗಿತ್ತು. ಹಾವು ಕೂಡ ಹಾಲು ಕುಡಿಯುವಾಗ ಹೀಗೇ ಇರಬಹುದು ಎಂದುಕೊಂಡು, ತನ್ನನ್ನು ಹಾವಿಗೆ ಹೋಲಿಸಿಕೊಂಡದ್ದಕ್ಕೆ ಒಳಗೊಳಗೇ ಹಿಗ್ಗಿದಳು.

ಶೆಡ್ಡಿನ ಬಾಗಿಲಿಗೆ ಬಂದು ನಿಂತಾಗ ಖಾಲಿ ಪ್ಲಾಸ್ಟಿಕ್ ಬುಟ್ಟಿಗಳನ್ನು ಹೇರಿಕೊಂಡು ಲಾರಿ ಹೊರಟುಹೋಗಿತ್ತು. ನೆಲಕ್ಕೆ ಹೊಸ ಮರದ ಹೊಟ್ಟು ಹರಡಿದ್ದರು. ಬಿಸಿಲು ಹೊಟ್ಟಿನ ಮೇಲೆ ಬಿದ್ದು ಇಡೀ ಶೆಡ್ಡು ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ನಡುವೆ ಕೋಳಿಗಳು. ಒಂದು ಕ್ಷಣ ಅವಳಿಗೆ ಏನು ತಪ್ಪಿದೆಯೆಂದು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು: ಸದ್ದಿಲ್ಲ. ಅವಳ ಕೋಳಿಗಳಿದ್ದಾಗ ಬಾಗಿಲು ತೆಗೆಯುವುದೆಂದರೆ ಶಾಲೆ ಬಿಟ್ಟ ಹಾಗೆ, ಕಾಲ ಮೇಲೇ ಓಡುತ್ತಿದ್ದವು, ಒಂದಂತೂ ತಳ್ಳುಗಾಡಿಯೊಳಗೆ ಕೂತು ಇಳಿಯಲಾರೆನೆಂದು ಹಟ ಮಾಡುತ್ತಿತ್ತು. ಇವು ನಿಂತಿದ್ದವು. ಇಷ್ಟು ದೊಡ್ಡ ನೆಲವಿದ್ದೂ ನಾಲ್ಕು ನಾಲ್ಕು, ಐದೈದು, ಮೈಗೆ ಮೈ ಒತ್ತಿಕೊಂಡು, ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಗೋಡೆಯಿದೆಯೋ ಎಂಬಂತೆ. ಪಂಜರದ ತಂತಿ ಹೋಗಿತ್ತು, ಅಳತೆ ಉಳಿದಿತ್ತು. ಒಂದನ್ನೆತ್ತಿ ದೂರ ಬಿಟ್ಟಳು. ಕೆದಕದೆ ಬೆಳೆದ ಉಗುರುಗಳು ಹೊಟ್ಟಿನಲ್ಲಿ ಸಿಕ್ಕಿ ಅದು ಮುಗ್ಗರಿಸಿತು. ಎದ್ದು, ತೆವಳಿದ ಹಾಗೆ ಹಿಂದಕ್ಕೆ ಬಂದು, ತನ್ನವರ ನಡುವೆ ಬೆಣೆಯಂತೆ ತೂರಿಕೊಂಡು, ಕಣ್ಣು ಮುಚ್ಚಿತು.

“ಯಾಕತ್ತಿಗೆ ಹಿಂಗೆ ನಿಂತಿವೆ? ಬಿಟ್ಟಿದೀವಲ್ಲ!” ಮೈದುನ ಹಿಂದೆ ನಿಂತಿದ್ದ. ಕುತ್ತಿಗೆಯ ಟೈ ಸಡಿಲವಾಗಿತ್ತು.

“ಬಿಟ್ಟಿದೀವಿ ಅಂತ ಅವಕ್ಕೆ ಯಾರು ಹೇಳ್ಬೇಕು?”

“ಎಷ್ಟೊತ್ತಿಗೆ ಓಡಾಡ್ತಾವೆ?”

“ಸಾಹೇಬ್ರ ಹತ್ರ ಒಂದು ಆರ್ಡರ್ ಹೊರಡಿಸು.”

“ತಮಾಷೆ ಬೇಡ ಅತ್ತಿಗೆ. ನೀವು ಏನಾದ್ರೂ ಮಾಡಿ. ಕಾಳು ಎರಚಿ, ಕರೀರಿ, ನೀವು ಕರೆದ್ರೆ ಬರ್ತಿದ್ವಲ್ಲ.”

ಅವನು ಆಗಲೇ ಬಗ್ಗಿ ಬಾಯಲ್ಲಿ ಬಾ ಬಾ ಬಾ ಎನ್ನುತ್ತಾ ಚಪ್ಪಾಳೆ ತಟ್ಟುತ್ತಿದ್ದ. ಟೈ ನೆಲಕ್ಕೆ ತಾಗುತ್ತಿತ್ತು. ಅವಳಿಗೆ ನಗು ಉಕ್ಕಿತು, ನಗುವಿನ ಹಿಂದೆಯೇ ಸಂಕಟ. ಹೀಗೇ ಬಗ್ಗಿ ಅವನು ಅವಳ ಅತ್ತೆಯ ಕಾಲಿನ ಉಗುರು ಕತ್ತರಿಸುತ್ತಿದ್ದ, ಬಿಸಿನೀರಲ್ಲಿ ನೆನೆಸಿ, ಒಂದೊಂದೇ. ಕೋಳಿಗಳನ್ನು ಮಾರಿದ ದಿನವೂ ಬಂದಿದ್ದ. ವ್ಯಾಪಾರಿ ಅವುಗಳ ಕಾಲು ಹಿಡಿದು ತಲೆಕೆಳಗಾಗಿ ಎತ್ತುತ್ತಿದ್ದಾಗ ಅವಳು ಒಳಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ತಿರುಗಿಸಿ ನಿಂತಿದ್ದಳು. ಬಕೆಟ್ಟು ತುಂಬಿ ಹರಿದು ಪಾದ ತೋಯುತ್ತಿದ್ದರೂ ನಿಂತೇ ಇದ್ದಳು. ಹೊರಗೆ ಬಂದಾಗ ಶೆಡ್ಡು ತೊಳೆದಾಗಿತ್ತು. ಪ್ಯಾಂಟು ಮೊಣಕಾಲಿಗೆ ಮಡಚಿ ಮೈದುನ ಪೊರಕೆ ಹಿಡಿದಿದ್ದ. ಯಾರೂ ಹೇಳಿರಲಿಲ್ಲ. ಕೊಂದವನೇ ಬಂದು ನೆಲ ತೊಳೆದರೆ ಅವನಿಗೆ ಏನೆನ್ನಬೇಕು? ಟೀ ಕುಡೀತೀಯಾ ಎಂದು ಕೇಳಿದ್ದಳು ಅವಳು. ಸಕ್ಕರೆ ಬೇಡ ಅಂದಿದ್ದ.

ಕಾರು ಬಂತು. ದೊಡ್ಡ ಸಾಹೇಬ ಎಂದು ಮೈದುನ ಹೇಳುತ್ತಿದ್ದ ಮನುಷ್ಯ ಅಷ್ಟೇನೂ ದೊಡ್ಡವನಾಗಿರಲಿಲ್ಲ, ನುಣ್ಣಗೆ ಕ್ಷೌರ ಮಾಡಿಕೊಂಡು ಮೆಲ್ಲಗೆ ಮಾತಾಡುವವನು. ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಲೆತ್ತಿ ಕಾಲಿಡುತ್ತಾ, ಅವಳ ಕೈ ಕುಲುಕಿ, “ನಮ್ಮ ಇಡೀ ಸಂಸ್ಥೆಗೆ ನೀವೇ ಮುಖ ಮೇಡಂ” ಅಂದ. ಸಂಘದಿಂದ ಬಂದವಳು ನಡುವಯಸ್ಸಿನ, ಬಿಸಿಲಿಗೆ ಮುಖ ಕೆಂಪಾದ ಹೆಂಗಸು. ಒಳಗೆ ಬಂದ ತಕ್ಷಣ ಆಕೆ ಮಾಡಿದ್ದು, ಬಾಗಿಲ ಸಂದಿಯಲ್ಲಿ ಯಾವುದಾದರೂ ಕೋಳಿಯ ಕಾಲು ಸಿಕ್ಕಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಕದ ಮುಚ್ಚಿದ್ದು. ಈಕೆಗೆ ಅರ್ಥವಾಗುತ್ತದೆ ಅನ್ನಿಸಿತು. ಮಾತೇ ಬೇಕಾಗಲಿಕ್ಕಿಲ್ಲ. ಈ ನಿಂತ ಕೋಳಿಗಳ ಗುಂಪುಗಳೇ ಸಾಕು. ಅವಳು ಗೋಡೆಗೊರಗಿ, ಕೈಕಟ್ಟಿ, ತನ್ನ ಹಬ್ಬಕ್ಕೆ ಕಾದಳು.

ಸಂಘದ ಹೆಂಗಸು ಬಹಳ ಹೊತ್ತು ನೋಡಿದಳು. ಆಕೆಯ ಮುಖ ಸಡಿಲವಾಯಿತು. “ಎಷ್ಟು ಶಾಂತವಾಗಿವೆ!” ಅಂದಳು.

“ಹೆದರಿಕೆ ಅನ್ನೋದೇ ಗೊತ್ತಿಲ್ಲ ಮೇಡಂ ಇವಕ್ಕೆ” ಅಂದ ಸಾಹೇಬ. “ಹೆದರಿದ ಪ್ರಾಣಿ ಓಡತ್ತೆ.”

“ನಿಜ. ಬೇರೆ ಕಡೆಯೆಲ್ಲ ನಾವು ಹೋದ್ರೆ ಗಲಾಟೆ, ಧೂಳು. ಇಲ್ಲಿ ನೋಡಿ, ಧ್ಯಾನಕ್ಕೆ ಕೂತ ಹಾಗಿವೆ.” ಅವಳ ಕಡೆ ತಿರುಗಿ ಎರಡೂ ಕೈ ಹಿಡಿದುಕೊಂಡಳು. “ನಿಮ್ಮಂಥೋರು ಇರೋದ್ರಿಂದ ನಮ್ಮ ಕೆಲಸಕ್ಕೆ ಒಂದು ಅರ್ಥ ಅಮ್ಮಾ.”

ಸಾಹೇಬ ಒಂದು ಕೋಳಿಯನ್ನು ಎತ್ತಿ ಅವಳ ತೋಳಿಗಿಟ್ಟ. “ಹೊಸ ಫೋಟೋ ಆಗ್ಬಿಡ್ಲಿ. ಹಳೇದು ಮಾಸಿದೆ. ಆ ಹಲ್ಲು ಕಾಣೋ ಹಾಗೆ, ಮೇಡಂ.” ಆ ಹಲ್ಲು ಈಗ ಇರಲಿಲ್ಲ. ಕೋಳಿ ಅವಳ ಎದೆಯ ಮೇಲೆ ಮರದ ತುಂಡಿನಂತೆ ಬಿದ್ದಿತ್ತು, ರೆಕ್ಕೆ ಬಡಿಯಲಿಲ್ಲ, ಕುಕ್ಕಲಿಲ್ಲ. ಆದರೆ ಎಲುಬಿನ ಕೆಳಗೆ ಅದರ ಗುಂಡಿಗೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿತ್ತು. ಎದುರಿಗೆ ಮೈದುನ ಹಣೆ ಒರೆಸಿಕೊಳ್ಳುತ್ತಾ ಅವಳತ್ತ ಕೃತಜ್ಞತೆಯಿಂದ ನೋಡಿ ಸ್ವಲ್ಪ ನಕ್ಕ. ಆ ನಗುವಿನ ಮೇಲೆ ಗುರಿಯಿಟ್ಟು ಅವಳು ಹೇಳಿದಳು:

“ಈ ಕೋಳಿಗಳು ನನ್ನವಲ್ಲ.”

ಅಂದುಕೊಂಡಷ್ಟೇ ಸಲೀಸಾಗಿ ಬಂತು. ಮುಖಗಳು ಮಾತ್ರ ಅಂದುಕೊಂಡದ್ದನ್ನು ಮಾಡಲಿಲ್ಲ. ಸಾಹೇಬ ಫೋಟೋ ತೆಗೆಯಲು ಫೋನು ಹಿಡಿದ ಕೈ ಇಳಿಸಿ ಮೈದುನನನ್ನು ನೋಡಿದ. ಮೈದುನ ನೆಲ ನೋಡಿದ. ಆಮೇಲೆ ಸಂಘದ ಹೆಂಗಸಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳಿಸುವ ಪಿಸುಮಾತಿನಲ್ಲಿ, “ತಪ್ಪು ತಿಳ್ಕೋಬೇಡಿ ಮೇಡಂ. ನಮ್ಮಣ್ಣ ಹೋದಮೇಲೆ ಅತ್ತಿಗೆಗೆ ಸ್ವಲ್ಪ... ಒಂದಿನ ಚಪ್ಪಲಿ ಇಲ್ದೆ ಪೇಟೆಗೆ ಹೋಗ್ಬಿಟ್ಟಿದ್ರು. ಅಣ್ಣ ಮನೇಲಿ ಕಾಯ್ತಿದಾರೆ, ಬೇಗ ಬ್ರೆಡ್ ಕೊಡಿ ಅಂತ ಅಂಗಡಿ ಮುಂದೆ ಜಗಳ. ನಾನೇ ಕರ್ಕೊಂಡು ಬಂದೆ. ಒಳ್ಳೇ ದಿನ ಇರತ್ತೆ, ಕೆಟ್ಟ ದಿನ ಇರತ್ತೆ” ಅಂದ.

ಅದು ನಿಜ. ಆ ದಿನ ಅವನು ಬಂದು ಗದರಿಸಲಿಲ್ಲ, ಯಾಕೆ ಎಂದು ಕೇಳಲಿಲ್ಲ, ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟು ತಾನು ಬರಿಗಾಲಲ್ಲಿ ನಡೆದ. ಆ ಬ್ರೆಡ್ಡನ್ನೂ ಕೊಂಡ. ಮನೆಗೆ ತಲುಪಿದಮೇಲೆ ಇಬ್ಬರೂ ಅದನ್ನು ಹಂಚಿಕೊಂಡು ತಿಂದರು. ತನ್ನ ಹೆಂಡತಿಗೂ ಅವನು ಹೇಳಿರಲಿಲ್ಲ. ಇಷ್ಟು ವರ್ಷ ಅವನ ಮೇಲೆ ಎಷ್ಟು ಹಲ್ಲು ಮಸೆದರೂ ಆ ಒಂದು ಜೊತೆ ಚಪ್ಪಲಿಯನ್ನು ಅವಳು ಬೇರೆಯಾಗಿ, ದ್ವೇಷ ತಾಗದ ಕಡೆ ಎತ್ತಿಟ್ಟಿದ್ದಳು. ಈಗ ಅವನೇ ಅದನ್ನು ತಂದು ಈ ಪ್ಲಾಸ್ಟಿಕ್ ಬೂಟುಗಳ ಮುಂದೆ ಎಸೆದ. ಸಂಘದ ಹೆಂಗಸಿನ ಕಣ್ಣು ತುಂಬಿ ಬಂದಿತ್ತು. ಆಕೆ ಅವಳ ಭುಜ ಸವರುತ್ತಿದ್ದಳು. “ಪಾಪ” ಅಂದ ಸಾಹೇಬ, ನಿಜವಾದ ಕನಿಕರದಿಂದ. ಅವಳು ಕೋಳಿಯನ್ನು ಕೆಳಗಿಳಿಸಿದಳು. ವಾರವೆಲ್ಲ ಸಾಣೆ ಹಿಡಿದ ವಾಕ್ಯ ಮೊಂಡಾಗಿ ನೆಲದ ಮೇಲೆ ಬಿದ್ದಿತ್ತು. ಇನ್ನು ಏನು ಹೇಳಿದರೂ ಅದು ಕೆಟ್ಟ ದಿನದ ಮಾತು. ಹಾಗಾದರೆ ಹೇಳುವುದು ಬೇಡ.

“ನಿಮಗೆ ಸಂಜೆ ತನಕ ಪುರುಸೊತ್ತಿದೆಯಾ?” ಎಂದು ಕೇಳಿದಳು.

“ಯಾಕಮ್ಮಾ?”

“ಇವನ್ನ ತುಂಬ್ಕೊಂಡು ಹೋಗೋಕೆ ಲಾರಿ ಬರತ್ತೆ. ಬಂದ್ರೆ ನನ್ನ ತಲೆ ಸರಿಯಿದೆ ಅಂತ ಆಯ್ತು. ಬರದೇ ಇದ್ರೆ ಕೋಳಿ ನನ್ನವೇ, ನಾನೇ ಮರೆತಿದೀನಿ ಅಂತ ಇಟ್ಕೊಳ್ಳಿ. ಕೂತಿರಿ. ಅಷ್ಟೇ ಕೇಳೋದು.”

ಸಾಹೇಬ ಗಡಿಯಾರ ನೋಡಿಕೊಂಡ. ಹೋಟೆಲಿನಲ್ಲಿ ಊಟಕ್ಕೆ ಹೇಳಿಯಾಗಿದೆ, ಅಡುಗೆಯವರು ಕಾಯುತ್ತಾರೆ ಎಂದ. ಸಂಘದ ಹೆಂಗಸು ಅವಳನ್ನು ನೋಡಿದಳು, ಸಾಹೇಬನನ್ನು ನೋಡಿದಳು. ನಂಬಿಕೆಯಿಂದಲ್ಲ, ವಯಸ್ಸಾದವರ ಒಂದು ಮಾತು ನಡೆಸಿಕೊಡುವ ದಾಕ್ಷಿಣ್ಯದಿಂದಲೇ ಇರಬೇಕು, ಹೆಗಲ ಚೀಲ ಇಳಿಸಿದಳು. “ಊಟ ಎಲ್ಲಾದ್ರೂ ಆಗತ್ತೆ ಬಿಡಿ. ಅಮ್ಮ ಏನು ಕೊಡ್ತಾರೋ ಅದು.”

“ಬ್ರೆಡ್ಡು, ಸೊಪ್ಪಿನ ಸಾರು ಇದೆ” ಅಂದಳು ಅವಳು. “ಮೊಟ್ಟೆ ಮಾತ್ರ ಕೇಳ್ಬೇಡಿ. ಅಂಗಡಿಯಿಂದ ತರ್ಬೇಕು.”

ಸಂಘದ ಹೆಂಗಸು ನಕ್ಕಳು. ಆಮೇಲೆ ಆ ನಗು ಅರ್ಧಕ್ಕೆ ನಿಂತು, ಆಕೆ ಮತ್ತೊಮ್ಮೆ ಕೋಳಿಗಳ ಕಡೆಗೆ ನೋಡಿದಳು.

ನಾಲ್ವರೂ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತರು, ಯಾರನ್ನೋ ಮಣ್ಣು ಮಾಡಿ ಬಂದ ಮನೆಯವರ ಹಾಗೆ. ಶೆಡ್ಡಿನ ಕದ ತೆರೆದೇ ಇತ್ತು. ಬಿಸಿಲು ಸರಿದಂತೆ ಸಾಹೇಬ ಕುರ್ಚಿ ಸರಿಸುತ್ತಿದ್ದ. ಊಟದ ತಟ್ಟೆಗಳನ್ನು ಸಂಘದ ಹೆಂಗಸೇ ತೊಳೆದಿಟ್ಟಳು. ಅವಳು ಟೀ ಕಾಯಿಸಿ, ಮೈದುನನ ಲೋಟಕ್ಕೆ ಸಕ್ಕರೆ ಹಾಕಲಿಲ್ಲ. ಹಾಕಬೇಕೆಂದು ಚಮಚ ಎತ್ತಿದ್ದಳು, ಅಷ್ಟು ಸಣ್ಣ ಸೇಡಿಗೆ ನಾಚಿಕೆಯಾಗಿ ಇಳಿಸಿದಳು. ಲೋಟಗಳ ತಟ್ಟೆ ಹಿಡಿದು ಹೊರಗೆ ಬರುವಾಗ ಗೋಡೆಯ ಮರೆಯಲ್ಲಿ ಸಾಹೇಬನ ಮೆಲುದನಿ: “ಲಾರಿ ಇವತ್ತು ಬೇಡ ಅಂತ ಫೋನ್ ಮಾಡ್ರೀ. ಕೋಳಿ ಇಲ್ಲೇ ಬಿದ್ದಿರ್ಲಿ, ಅದರ ದುಡ್ಡು ಕೊಟ್ರಾಯ್ತು. ಇನ್ನೊಂದು ಗಂಟೆ ಕೂತ್ರೆ ಆಯಮ್ಮ ಎದ್ದು ಹೋಗ್ತಾಳೆ.” ಮೈದುನ ಅವಳಿಗೆ ಬೆನ್ನಾಗಿ ನಿಂತಿದ್ದ. ಬೆನ್ನ ಹಿಂದೆ ಕಟ್ಟಿದ ಕೈಯಲ್ಲಿ ಫೋನಿತ್ತು. ಪರದೆ ಕಪ್ಪಗಿತ್ತು. “ಆಗ್ಲೇ ಹೇಳಿದೀನಿ ಸರ್” ಅಂದ ಅವನು. “ಬರಲ್ಲ ಅಂದ.” ತಿರುಗಿದವನು ಅವಳನ್ನು ಕಂಡ. ಅವಳು ತಟ್ಟೆ ಮುಂದೆ ಮಾಡಿದಳು. ಅವನು ತನ್ನ ಲೋಟವನ್ನು ತಪ್ಪದೆ ಗುರುತು ಹಿಡಿದು ತೆಗೆದುಕೊಂಡ.

ಅವನು ಫೋನು ಮಾಡಿರಲಿಲ್ಲ. ಕುರ್ಚಿ ಹಾಕಿ ಕೂತಾಗಿನಿಂದ ಅದನ್ನು ಕಿವಿಗಿಟ್ಟದ್ದನ್ನೇ ಅವಳು ಕಂಡಿರಲಿಲ್ಲ. ಅವಳು ಬಂದು ಕುರ್ಚಿಯಲ್ಲಿ ಕೂತು ಆ ಸುಳ್ಳನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಬೀಳಿಸಲೆಂದು ಇಷ್ಟೆಲ್ಲ ಹೂಡಿದ್ದು, ಅವನು ತಾನೇ ಅಂಚಿಗೆ ಬಂದು ನಿಂತರೆ ತಳ್ಳುವುದರಲ್ಲಿ ಏನಿದೆ? ಮಾಡಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆಗ ಇಡಿಯಾಗಿ, ಚೂರೂ ಉಳಿಸದೆ ಹಳಿಯಬಹುದಿತ್ತು. ಮತ್ತೆ ಚಪ್ಪಲಿ ಬಿಚ್ಚಿಟ್ಟಿದ್ದಾನೆ, ಕೆಟ್ಟ ಮನುಷ್ಯ. ಅವಳು ಕೋಪವನ್ನು ಮುಟ್ಟಿ ನೋಡಿಕೊಂಡಳು, ಹಲ್ಲು ಕಿತ್ತ ಜಾಗವನ್ನು ನಾಲಿಗೆ ಮುಟ್ಟುವ ಹಾಗೆ. ಇತ್ತು. ಒಂದಿಷ್ಟೂ ಕರಗಿರಲಿಲ್ಲ. ಅದರಿಂದ ಸಮಾಧಾನವಾಯಿತು.

ಆಗಲೇ ಶೆಡ್ಡಿನ ಹೊಸ್ತಿಲಲ್ಲಿ ಒಂದು ಕೋಳಿ ಕಾಣಿಸಿತು. ಗುಂಪಿನಿಂದ ಯಾವಾಗ ಬಿಡಿಸಿಕೊಂಡಿತೋ. ಬಿಸಿಲಿಗೂ ನೆರಳಿಗೂ ನಡುವಿನ ಗೆರೆಯ ಮೇಲೆ ನಿಂತು ಒಂದು ಕಾಲೆತ್ತಿತು, ಇಡುವುದೆಲ್ಲಿ ಎಂದು ತಿಳಿಯದೆ ಹಾಗೇ ಹಿಡಿದುಕೊಂಡಿತು. ಇಟ್ಟಿತು. ಮಣ್ಣನ್ನು ಒಮ್ಮೆ ಕೆದರಿ, ತಾನು ಮಾಡಿದ ಗುರುತನ್ನು ತಾನೇ ಬೆರಗಿನಿಂದ ಬಗ್ಗಿ ನೋಡಿತು. “ಅಯ್ಯೋ ನೋಡಿ, ನೋಡಿ!” ಅಂದಳು ಸಂಘದ ಹೆಂಗಸು, ಬಾಯಿ ಮೇಲೆ ಕೈಯಿಟ್ಟುಕೊಂಡು. “ಇದು... ಇದೇ ಮೊದಲನೇ ಸಲ ಅಲ್ವಾ?” ಆಕೆಯ ಧ್ವನಿ ಈಗ ಬೇರೆಯಾಗಿತ್ತು. ಸಾಹೇಬ ಟೀ ಹೀರುವುದನ್ನು ನಿಲ್ಲಿಸಿದ.

ಆ ಕೋಳಿ ತನ್ನ ಕಣ್ಣಿಗೆ ಬೀಳಬಾರದಿತ್ತು ಅನ್ನಿಸಿತು ಅವಳಿಗೆ. ಇಷ್ಟು ಹೊತ್ತೂ ಲಾರಿ ಬರಲಿ, ಬರಲಿ ಎಂದು ಬೇಡುತ್ತಿದ್ದವಳು ಒಂದನ್ನು ಯೋಚಿಸಿರಲಿಲ್ಲ. ಲಾರಿ ಬರದಿದ್ದರೆ ಇವು ಇಲ್ಲೇ ಉಳಿಯುತ್ತವೆ. ನಾಳೆ ಇನ್ನೆರಡು ಹೊಸ್ತಿಲಿಗೆ ಬರುತ್ತವೆ, ಮುಂದಿನ ವಾರ ಅಂಗಳಕ್ಕೆ, ಆಮೇಲೆ ತಳ್ಳುಗಾಡಿಯೊಳಕ್ಕೆ. ಮೈದುನನಿಗೆ ಒಂದು ಮಾತು ಹೇಳಿದರೆ ಸಾಕು, ಕಣ್ಸನ್ನೆ ಮಾಡಿದರೂ ಸಾಕು, ಅವನು ಈಗಲೂ ಫೋನು ತೆಗೆಯುತ್ತಾನೆ. ಆದರೆ ಆಗ ಸಾಹೇಬ ಕೈ ಒರೆಸಿಕೊಂಡು ಕಾರು ಹತ್ತುತ್ತಾನೆ, ಎಲ್ಲ ಊರುಗಳ ಎಲ್ಲ ಮೇಜುಗಳ ಮೇಲೆ ಹೊಸ ಕಾರ್ಡು ನಿಲ್ಲುತ್ತದೆ, ಅದರ ಹಿಂದೆ ಕಾಣದ ಶೆಡ್ಡುಗಳಲ್ಲಿ ಕಾಣದ ಕೋಳಿಗಳು ಇದೇ ಅಳತೆಯಲ್ಲಿ ನಿಂತಿರುತ್ತವೆ. ಇದು ನ್ಯಾಯದ ಮಾತು. ತಾನು ನ್ಯಾಯಕ್ಕಾಗಿ ಸುಮ್ಮನಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆ ನುಣುಪು ಮುಖ ಕಪ್ಪಿಡುವುದನ್ನು ನೋಡಬೇಕಿತ್ತು ಅವಳಿಗೆ, ಕೋಳಿಗಳ ಬೆಲೆಗಾದರೂ ಸರಿ. ಮೈದುನ ಅವಳನ್ನೇ ನೋಡುತ್ತಿದ್ದ. ಅವಳು ಅವನತ್ತ ಕಣ್ಣೆತ್ತಲಿಲ್ಲ. ಕೋಳಿ ಇನ್ನೊಂದು ಹೆಜ್ಜೆ ಇಟ್ಟಿತು.

ಹಾರ್ನು ಕೇಳಿತು, ಎರಡು ಸಲ, ಖುಷಿಯಾಗಿ. ಗೇಟಿನಾಚೆ ಬ್ರೇಕಿನ ಸದ್ದು. ಖಾಲಿ ಬುಟ್ಟಿಗಳು ಒಂದಕ್ಕೊಂದು ಬಡಿದುಕೊಂಡವು. ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಅಣ್ಣಾ, ನಾಟಕ ಮುಗೀತಾ? ತುಂಬೋಣ್ವಾ? ಬೆಳಕಿರೋವಾಗ್ಲೇ ಪಂಜರಕ್ಕೆ ಹಾಕ್ಬೇಕಂತೆ, ಮಾಲೀಕ ಬಡ್ಕೋತಾ ಇದಾನೆ!”

ಸಾಹೇಬ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಆ ಮುಖ ಕೊನೆಗೂ ಅವಳು ಕಾದಿದ್ದ ಮುಖವಾಯಿತು. ಅವಳು ಅದನ್ನು ತೃಪ್ತಿಯಾಗುವಷ್ಟು, ಕಣ್ಣು ಮಿಟುಕಿಸದೆ ನೋಡಿದಳು. ಸಂಘದ ಹೆಂಗಸು ಎದ್ದು ನಿಂತು, “ಗಾಡಿ ಎಲ್ಲಿಂದ ಬಂತಪ್ಪಾ? ಒಳಗೆ ಬಾ, ಕೂತು ಹೇಳು” ಎಂದು ಗೇಟಿನ ಕಡೆಗೆ ಕೂಗಿದಳು. ಮೈದುನನೂ ಎದ್ದ. ಮುಖದಲ್ಲಿ ರಕ್ತವಿರಲಿಲ್ಲ, ಆದರೂ ಯಾವುದೋ ಭಾರ ಇಳಿಸಿದವನ ಹಾಗಿದ್ದ. ಅವಳ ಹತ್ತಿರ ಬಂದು, ಗಂಡನ ಆ ತೆಳು ಧ್ವನಿಯಲ್ಲಿ, “ಗೇಟು ನಾನು ತೆಗೀತೀನಿ ಅತ್ತಿಗೆ” ಅಂದ.

“ಕೂತ್ಕೋ” ಅಂದಳು ಅವಳು. “ಇದನ್ನ ನಾನೇ ಮಾಡ್ತೀನಿ.”

ಹೊಸ್ತಿಲ ಕೋಳಿಯನ್ನು ಸುತ್ತಿಕೊಂಡು ನಡೆದು ಹೋಗಿ ಗೇಟಿನ ಅಗುಳಿ ಸರಿಸಿದಳು. ಲಾರಿಗೆ ಒಂದು ಕದ ಸಾಲುವಂತಿರಲಿಲ್ಲ. ಎರಡನ್ನೂ ತೆರೆದಳು.